ಹೀರುವುದು ಬೇರೆ, ತಡೆಯುವುದು ಬೇರೆ

ಕಳೆದ ತಿಂಗಳು ಒಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಈಗ ಎರಡನೇ ಪಿಯುಸಿ ಓದುತ್ತಿದ್ದಾನೆ. ತಬಲಾ ಚೆನ್ನಾಗಿ ನುಡಿಸುತ್ತಾನೆ, ಅವನ ತಂಗಿ ಹಾಡುತ್ತಾಳೆ. ಇಬ್ಬರೂ ಸೇರಿ ತಮ್ಮ ಹಾಡುಗಳನ್ನು ತಾವೇ ಧ್ವನಿಮುದ್ರಿಸಿಕೊಳ್ಳಬೇಕೆಂದು ಮಹಡಿ ಮೇಲಿನ ಕೋಣೆಯನ್ನು ಸ್ಟುಡಿಯೋ ಮಾಡಲು ಹೊರಟಿದ್ದರು. ಮೈಕು, ಕಂಪ್ಯೂಟರು ಸಿದ್ಧವಾಗಿದ್ದವು. ಅಂಗಡಿಗಳಲ್ಲಿ ಕೇಳಿ ತಂದ ಮೊಟ್ಟೆ ಟ್ರೇಗಳನ್ನು ಮೂರು ಗೋಡೆಗಳಿಗೆ ಅಂಟಿಸಿದ್ದರು. ನಾಲ್ಕನೆಯದಕ್ಕೆ ಹಳೆಯ ಹಾಸಿಗೆಯ ಸ್ಪಂಜು.

"ಸರ್, ಒಳಗೆ ಕೂತರೆ ಸದ್ದು ಏನೋ ಬದಲಾದ ಹಾಗೆ ಅನ್ನಿಸುತ್ತದೆ. ಆದರೆ ಪಕ್ಕದ ಮನೆಯ ಅಜ್ಜಿ ಮೊದಲಿನ ಹಾಗೇ ಬಂದು ಬೈತಾರೆ. ಬೀದಿಯ ಆಟೋ ಸದ್ದೂ ರೆಕಾರ್ಡಿಂಗಿನಲ್ಲಿ ಹಾಗೇ ಕೇಳಿಸುತ್ತದೆ. ಅಪ್ಪ ಹದಿನೈದು ಸಾವಿರ ರೂಪಾಯಿಯ ಫೋಮ್ ತರಿಸಿಕೊಡ್ತೀನಿ ಅಂದಿದ್ದಾರೆ. ತರಿಸಲಾ?" ಎಂದು ಕೇಳಿದ.

"ಸದ್ಯಕ್ಕೆ ಬೇಡ. ಮೊದಲು ನಿನ್ನ ಕೋಣೆ ನೋಡೋಣ" ಎಂದೆ. ಆ ಕೋಣೆಯಲ್ಲಿ ನಾನು ಕಂಡದ್ದನ್ನು ಆಮೇಲೆ ಹೇಳುತ್ತೇನೆ. ಅವನು ಮಾಡಿದ ತಪ್ಪನ್ನು ಓದಿದವರೂ ಮಾಡುತ್ತಾರೆ. ಎರಡು ಬೇರೆ ಬೇರೆ ಸಮಸ್ಯೆಗಳನ್ನು ಅವನು ಒಂದೇ ಎಂದು ತಿಳಿದಿದ್ದ. ಕೋಣೆಯೊಳಗೆ ಹುಟ್ಟಿದ ಸದ್ದು ಗೋಡೆಗೆ ಬಡಿದು ಮತ್ತೆ ಮತ್ತೆ ಒಳಕ್ಕೇ ಮರಳುವುದು ಒಂದು ಸಮಸ್ಯೆ. ಅದು ಗೋಡೆಯನ್ನು ದಾಟಿ ಆಚೆಗೆ ಹೋಗುವುದು, ಆಚೆಯದು ಈಚೆಗೆ ಬರುವುದು ಇನ್ನೊಂದು. ಮೊದಲನೆಯದಕ್ಕೆ ಸದ್ದನ್ನು ಹೀರಬೇಕು. ಎರಡನೆಯದಕ್ಕೆ ತಡೆಯಬೇಕು. ಹೀರುವ ವಸ್ತು ಸಾಮಾನ್ಯವಾಗಿ ತಡೆಯುವುದಿಲ್ಲ, ತಡೆಯುವ ವಸ್ತು ಹೀರುವುದಿಲ್ಲ. ಧ್ವನಿಮುದ್ರಣ ಕೋಣೆಯ ವಿಜ್ಞಾನವೆಲ್ಲ ಈ ಭೇದದ ಮೇಲೆಯೇ ನಿಂತಿದೆ.

ದಿಂಬು ಹೊತ್ತ ಪ್ರಾಧ್ಯಾಪಕ

ಹೊಸದಾಗಿ ಕಟ್ಟಿದ ಮನೆಗೆ ಸಾಮಾನು ತರುವ ಮೊದಲು ಒಳಗೆ ನಿಂತು ಮಾತನಾಡಿದ್ದೀರಾ? ಮಾತು ಗುಂಯ್‌ಗುಡುತ್ತದೆ. ಸಾಮಾನು, ಪರದೆ, ಹಾಸಿಗೆ ಬಂದ ಮೇಲೆ ಅದೇ ಕೋಣೆಯಲ್ಲಿ ಮಾತು ಸ್ಪಷ್ಟವಾಗುತ್ತದೆ. ಗಾರೆಯ ಗೋಡೆ ತನಗೆ ಬಡಿದ ಧ್ವನಿಯಲ್ಲಿ ನೂರಕ್ಕೆ ತೊಂಬತ್ತೇಳು ಪಾಲನ್ನಾದರೂ ಹಿಂದಕ್ಕೆ ಕಳಿಸುತ್ತದೆ. ಹೀಗೆ ನೂರಾರು ಪ್ರತಿಫಲನಗಳು ಒಂದರ ಮೇಲೊಂದು ಕೂಡಿಕೊಂಡು ಸದ್ದು ಎಳೆಯುತ್ತಾ ಹೋಗುವುದಕ್ಕೆ ಅನುರಣನ ಎಂದು ಹೆಸರು. ವಿಜಯಪುರದ ಗೋಳಗುಮ್ಮಟಕ್ಕೆ ಪ್ರವಾಸ ಹೋದವರಿಗೆ, ಕಲ್ಲು ಗಾರೆಯ ದೊಡ್ಡ ಗುಮ್ಮಟದೊಳಗೆ ಒಂದು ಚಪ್ಪಾಳೆ ಎಷ್ಟು ಹೊತ್ತು ಬದುಕಿರುತ್ತದೆ ಎಂಬುದನ್ನು ಮತ್ತೆ ಹೇಳಬೇಕಿಲ್ಲ.

ಅನುರಣನವನ್ನು ಮೊದಲು ಅಳೆದು ಲೆಕ್ಕಕ್ಕೆ ಇಳಿಸಿದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಕ್ಲೆಮೆಂಟ್ ಸೇಬಿನ್. 1895ರಲ್ಲಿ ಅಲ್ಲಿನ ಫಾಗ್ ಕಲಾ ಸಂಗ್ರಹಾಲಯದಲ್ಲಿ ಹೊಸ ಉಪನ್ಯಾಸ ಸಭಾಂಗಣವೊಂದು ಆರಂಭವಾಯಿತು. ಆದರೆ ಉಪನ್ಯಾಸ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಆಡಿದ ಮಾತು ಐದೂವರೆ ಸೆಕೆಂಡುಗಳ ಕಾಲ ಕೇಳುತ್ತಲೇ ಇರುತ್ತಿತ್ತು. ಅಷ್ಟರಲ್ಲಿ ನಿಧಾನವಾಗಿ ಮಾತನಾಡುವವರೂ ಇನ್ನೂ ಹನ್ನೆರಡು ಹದಿನೈದು ಅಕ್ಷರ ಉಚ್ಚರಿಸಿರುತ್ತಾರೆ. ಎಲ್ಲ ಕಲಸುಮೇಲೋಗರ. ಇದನ್ನು ಸರಿಪಡಿಸುವ ಕೆಲಸ 27 ವರ್ಷದ ಸೇಬಿನ್ ಅವರ ಪಾಲಿಗೆ ಬಂತು.

ಅವರ ಬಳಿ ಇದ್ದ ಉಪಕರಣಗಳು ಒಂದು ಆರ್ಗನ್ ಕೊಳವೆ, ಕಾಲ ಅಳೆಯುವ ಸಾಧನ, ಮತ್ತು ತಮ್ಮವೇ ಎರಡು ಕಿವಿ. ಹಗಲಿನಲ್ಲಿ ಬೀದಿಯ ಗದ್ದಲ ಅಡ್ಡಿಯಾಗುತ್ತಿತ್ತು. ಆದ್ದರಿಂದ ಮಧ್ಯರಾತ್ರಿಯ ನಂತರವೇ ಪ್ರಯೋಗ. ಹತ್ತಿರದ ಸ್ಯಾಂಡರ್ಸ್ ರಂಗಮಂದಿರದಿಂದ ಆಸನದ ಮೆತ್ತೆಗಳನ್ನು ಹೊತ್ತು ತಂದು ಸಭಾಂಗಣದಲ್ಲಿ ಹರಡುವುದು, ಕೊಳವೆ ಊದಿಸಿ ನಿಲ್ಲಿಸುವುದು, ಸದ್ದು ಅಡಗಲು ಎಷ್ಟು ಹೊತ್ತಾಯಿತೆಂದು ಬರೆದುಕೊಳ್ಳುವುದು, ಬೆಳಗಾಗುವ ಮೊದಲು ಮೆತ್ತೆಗಳನ್ನು ಹಿಂತಿರುಗಿಸುವುದು. ಮೆತ್ತೆಗಳ ಸಂಖ್ಯೆ ಹೆಚ್ಚಿದಂತೆಲ್ಲ ಅನುರಣನದ ಕಾಲ ಇಳಿಯಿತು. ಇದ್ದವನ್ನೆಲ್ಲ ಹಾಸಿದಾಗ ಅದು ಒಂದು ಸೆಕೆಂಡಿಗೆ ತುಸು ಹೆಚ್ಚು ಅಷ್ಟೇ ಉಳಿಯಿತು.

ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಮಾತಿದೆ. ಪ್ರಯೋಗ ಬಹಳ ದೂರ ಸಾಗಿದ ಮೇಲೆ, ತಾವು ತೊಟ್ಟ ಬಟ್ಟೆಯೂ ಸದ್ದನ್ನು ಹೀರುತ್ತದೆ, ಬಟ್ಟೆ ಬದಲಾದರೆ ಅಳತೆಯೂ ಬದಲಾಗುತ್ತದೆ ಎಂದು ಸೇಬಿನ್ ಅವರಿಗೆ ತಿಳಿಯಿತು. ಯಾವ ದಿನ ಯಾವ ಬಟ್ಟೆ ತೊಟ್ಟಿದ್ದೆನೆಂದು ಅವರು ಬರೆದಿಟ್ಟಿರಲಿಲ್ಲ. ಸಾವಿರಾರು ಅಳತೆಗಳನ್ನು ಅವರು ಪಕ್ಕಕ್ಕಿಟ್ಟರು. ಆಮೇಲೆ ಪ್ರತಿ ರಾತ್ರಿಯೂ ಒಂದೇ ಬಗೆಯ ಉಡುಪು ಧರಿಸಿ ಕೆಲಸ ಮುಂದುವರಿಸಿದರು. ಪ್ರಯೋಗಶಾಲೆಯ ದಾಖಲೆ ಪುಸ್ತಕದಲ್ಲಿ ರೀಡಿಂಗ್ ತಿದ್ದುವ ನಮ್ಮ ಮಕ್ಕಳಿಗೆ ಈ ಕಥೆಯನ್ನು ನಾನು ಪ್ರತಿ ವರ್ಷ ಹೇಳುತ್ತೇನೆ.

1900ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಹಾಲ್ ಈ ಸಂಶೋಧನೆಯ ಆಧಾರದ ಮೇಲೆ ರೂಪುಗೊಂಡಿತು. ಸಂಗೀತಕ್ಕೆ ಜಗತ್ತಿನ ಅತ್ಯುತ್ತಮ ಸಭಾಂಗಣಗಳಲ್ಲಿ ಅದೂ ಒಂದೆಂದು ಇಂದಿಗೂ ಹೆಸರಾಗಿದೆ.

ಕೋಣೆಯ ಲೆಕ್ಕ

ಸೇಬಿನ್ ಸೂತ್ರ ಸರಳವಾದದ್ದು. ಕೋಣೆಯ ಘನಗಾತ್ರವನ್ನು ಘನ ಮೀಟರಿನಲ್ಲಿ ತೆಗೆದುಕೊಂಡು 0.161ರಿಂದ ಗುಣಿಸಿ, ಕೋಣೆಯ ಒಟ್ಟು ಹೀರುವಿಕೆಯಿಂದ ಭಾಗಿಸಿದರೆ ಅನುರಣನ ಕಾಲ ಸೆಕೆಂಡುಗಳಲ್ಲಿ ಸಿಗುತ್ತದೆ. ಧ್ವನಿಯ ಶಕ್ತಿ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯಲು ಬೇಕಾದ ಕಾಲ ಅದು. ಹೀರುವಿಕೆಗೆ ಸೇಬಿನ್ ಹಿಡಿದ ಅಳತೆಗೋಲು ತೆರೆದ ಕಿಟಕಿ. ಅದರ ಮೂಲಕ ಹೋದ ಸದ್ದು ಮರಳಿ ಬರುವುದಿಲ್ಲವಲ್ಲ!

ನಮ್ಮ ಹುಡುಗನ ಕೋಣೆ 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರ ಎನ್ನಿ. ಘನಗಾತ್ರ 60 ಘನ ಮೀಟರ್. ಗೋಡೆ, ನೆಲ, ಛಾವಣಿ ಸೇರಿ 94 ಚದರ ಮೀಟರ್. ಬರಿಯ ಗಾರೆ ನೂರಕ್ಕೆ ಮೂರರಷ್ಟು ಹೀರುತ್ತದೆಂದರೆ ಒಟ್ಟು ಹೀರುವಿಕೆ ಸುಮಾರು 2.8 ಚದರ ಮೀಟರ್. ಅನುರಣನ ಕಾಲ ಸುಮಾರು 3.4 ಸೆಕೆಂಡ್. ಹಾಡನ್ನು ಮುದ್ರಿಸುವ ಇಷ್ಟು ಚಿಕ್ಕ ಕೋಣೆಯಲ್ಲಿ ಇದು 0.4 ಸೆಕೆಂಡಿನ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಅದಕ್ಕೆ 24 ಚದರ ಮೀಟರ್‌ನಷ್ಟು ಹೀರುವಿಕೆ ಬೇಕು. ಅಂದರೆ ಗೋಡೆಗಳ ಗಣನೀಯ ಭಾಗವನ್ನು ಚೆನ್ನಾಗಿ ಹೀರುವ ವಸ್ತುವಿನಿಂದ ಮುಚ್ಚಬೇಕು. ಇಡೀ ಕೋಣೆಯನ್ನು ಮುಚ್ಚಬೇಕಿಲ್ಲ. ಹಾಗೆ ಮುಚ್ಚಿದರೆ ಹಾಡು ಜೀವ ಕಳೆದುಕೊಂಡಂತೆ ಕೇಳಿಸುತ್ತದೆ. 1931ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಆಬ್ಬಿ ರೋಡ್ ಸ್ಟುಡಿಯೋದಂಥ ಕಡೆಗಳಲ್ಲಿ ಅನುರಣನ ಸೇರಿಸುವುದಕ್ಕೆಂದೇ ಬರಿಯ ಗೋಡೆಗಳ ಪ್ರತ್ಯೇಕ ಕೋಣೆಗಳಿದ್ದವು. ಮುದ್ರಿಸಿದ ಹಾಡನ್ನು ಅಲ್ಲಿ ಸ್ಪೀಕರಿನಲ್ಲಿ ನುಡಿಸಿ, ಇನ್ನೊಂದು ಮೈಕಿನಲ್ಲಿ ಹಿಡಿದು ಬೆರೆಸುತ್ತಿದ್ದರು.

ಮೊಟ್ಟೆ ಟ್ರೇ ಏನು ಮಾಡುತ್ತದೆ?

ಹೀರುವ ವಸ್ತುವಿನೊಳಗೆ ಗಾಳಿ ಆಡುವಂಥ ಸಣ್ಣ ಸಣ್ಣ ಸಂದುಗಳಿರಬೇಕು. ಧ್ವನಿ ತರಂಗ ಒಳಹೊಕ್ಕಾಗ ಗಾಳಿಯ ಕಣಗಳು ಎಳೆಗಳಿಗೆ ಉಜ್ಜಿ ಶಕ್ತಿ ಶಾಖವಾಗುತ್ತದೆ. ಗಾಜಿನ ಉಣ್ಣೆ, ರಾಕ್‌ವುಲ್, ಕಂಬಳಿ, ಹತ್ತಿ ಎಲ್ಲವೂ ಹೀಗೆಯೇ ಕೆಲಸ ಮಾಡುತ್ತವೆ. ಆದರೆ ದಪ್ಪ ಮುಖ್ಯ. ಗೋಡೆಗೆ ತಾಗಿದಲ್ಲಿ ಗಾಳಿಯ ಕಣ ಆಡಲಾರದು. ತರಂಗದೂರದ ಕಾಲುಭಾಗದಷ್ಟು ಈಚೆಗೆ ಬಂದಲ್ಲಿ ಅತ್ಯಂತ ಹೆಚ್ಚು ಆಡುತ್ತದೆ.

ಧ್ವನಿಯ ವೇಗ ಸೆಕೆಂಡಿಗೆ 340 ಮೀಟರ್ ಎಂದಿಟ್ಟುಕೊಂಡರೆ 1000 ಹರ್ಟ್ಸ್‌ನ ತರಂಗದೂರ 34 ಸೆಂಟಿಮೀಟರ್. ಅದರ ಕಾಲುಭಾಗ 8.5 ಸೆಂಟಿಮೀಟರ್. ತಬಲಾದ ಡಗ್ಗಾ ಹೊರಡಿಸುವ ಗಂಭೀರ ನಾದ 100 ಹರ್ಟ್ಸ್‌ನ ಆಸುಪಾಸಿನದೆಂದರೆ ತರಂಗದೂರ 3.4 ಮೀಟರ್, ಕಾಲುಭಾಗ 85 ಸೆಂಟಿಮೀಟರ್! ನಾಲ್ಕೈದು ಸೆಂಟಿಮೀಟರ್ ಉಬ್ಬುತಗ್ಗಿನ ತೆಳು ರಟ್ಟಿನ ಟ್ರೇ ಇಂಥ ತರಂಗದ ಕಣ್ಣಿಗೆ ಬೀಳುವುದೇ ಇಲ್ಲ. 'ಸ', 'ಶ' ಮುಂತಾದ ತೀಕ್ಷ್ಣ ಸದ್ದುಗಳನ್ನು ಅದು ಒಂದಿಷ್ಟು ಚದುರಿಸಿ ಹೀರುತ್ತದೆ. ಗಂಭೀರ ಸದ್ದು ಹಾಗೇ ಉಳಿಯುತ್ತದೆ. ಕೋಣೆಯೊಳಗೆ ಸದ್ದು "ಏನೋ ಬದಲಾದ ಹಾಗೆ" ಅನ್ನಿಸಿದ್ದು ಇದರಿಂದಲೇ. ತಂಗಿಯ ಹಾಡು ಮಂಕಾಗಿತ್ತು, ಅಣ್ಣನ ಡಗ್ಗಾ ಗುಂಯ್‌ಗುಡುತ್ತಲೇ ಇತ್ತು.

ಗೋಡೆ ದಾಟುವ ಸದ್ದು

ಈಗ ಎರಡನೆಯ ಸಮಸ್ಯೆಗೆ, ಅಂದರೆ ಪಕ್ಕದ ಮನೆಯ ಅಜ್ಜಿಯ ಸಮಸ್ಯೆಗೆ ಬರೋಣ. ಸದ್ದು ಗೋಡೆಯನ್ನು ದಾಟುವುದು ಗೋಡೆಯನ್ನೇ ಅಲುಗಿಸಿ. ಗೋಡೆ ಭಾರವಾದಷ್ಟೂ ಅಲುಗಾಡುವುದು ಕಡಿಮೆ. ಗೋಡೆಯ ತೂಕ ಇಮ್ಮಡಿಯಾದರೆ ದಾಟುವ ಸದ್ದು 5–6 ಡೆಸಿಬೆಲ್ ಇಳಿಯುತ್ತದೆ. ಎರಡೂ ಕಡೆ ಗಾರೆ ಮಾಡಿದ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಸುಮಾರು 45 ಡೆಸಿಬೆಲ್ ತಡೆದರೆ, ಒಂಬತ್ತು ಇಂಚಿನದು ಸುಮಾರು 50 ತಡೆಯುತ್ತದೆ.

ಒಂಬತ್ತು ಇಂಚಿನ ಗೋಡೆ ಒಂದು ಚದರ ಮೀಟರಿಗೆ ನಾನೂರು ಕಿಲೋಗೂ ಹೆಚ್ಚು ತೂಗುತ್ತದೆ. ಹುಡುಗನಿಗೆ ಒಂದು ಟ್ರೇಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಲು ಹೇಳಿದೆ. ಒಂದು ಚದರ ಮೀಟರಿಗೆ ಹನ್ನೊಂದು ಟ್ರೇ ಹಿಡಿದರೂ ಒಟ್ಟು ಒಂದು ಕಿಲೋ ಮುಟ್ಟಲಿಲ್ಲ. ನಾನೂರು ಕಿಲೋ ಗೋಡೆಯಿಂದ ಆಗದ್ದು ಒಂದು ಕಿಲೋ ರಟ್ಟಿನಿಂದ ಆದೀತೇ? ಫೋಮ್ ಕೂಡ ಅಷ್ಟೇ ಹಗುರ. ಜೊತೆಗೆ ಅದರಲ್ಲಿ ಗಾಳಿ ಆಡುತ್ತದೆ. ಗಾಳಿ ಆಡುವ ಕಡೆ ಸದ್ದೂ ಆಡುತ್ತದೆ.

ಹಾಗಾದರೆ ಅಜ್ಜಿಗೆ ಸದ್ದು ಎಲ್ಲಿಂದ ಹೋಗುತ್ತಿತ್ತು? ಇದೊಂದು ಒಳ್ಳೆಯ ಲೆಕ್ಕ, ಮಕ್ಕಳು ಮಾಡಿ ನೋಡಬೇಕು. ಪ್ರತಿ 10 ಡೆಸಿಬೆಲ್‌ಗೆ ಶಕ್ತಿ ಹತ್ತನೇ ಒಂದಾಗುತ್ತದೆ. 50 ಡೆಸಿಬೆಲ್ ತಡೆಯುವ ಗೋಡೆ ಎಂದರೆ ಒಂದು ಲಕ್ಷದಲ್ಲಿ ಒಂದು ಪಾಲನ್ನು ಮಾತ್ರ ಬಿಡುವ ಗೋಡೆ. ಗೋಡೆಯ ವಿಸ್ತೀರ್ಣ 10 ಚದರ ಮೀಟರ್, ಅಂದರೆ ಒಂದು ಲಕ್ಷ ಚದರ ಸೆಂಟಿಮೀಟರ್. ಆದ್ದರಿಂದ ಇಡೀ ಗೋಡೆ ಬಿಡುವ ಸದ್ದು ಒಂದೇ ಒಂದು ಚದರ ಸೆಂಟಿಮೀಟರ್ ತೂತು ಬಿಡುವ ಸದ್ದಿಗೆ ಸಮ! ಇನ್ನು ಬಾಗಿಲ ಕೆಳಗಿನ ಸಂದು ನೋಡಿ. 90 ಸೆಂಟಿಮೀಟರ್ ಅಗಲ, ಒಂದು ಸೆಂಟಿಮೀಟರ್ ಎತ್ತರ. ಈ ಸರಳ ಲೆಕ್ಕದಲ್ಲಿ ಆ ಸಂದೊಂದೇ ತೊಂಬತ್ತು ಗೋಡೆಗಳಷ್ಟು ಸದ್ದನ್ನು ಹೊರಗೆ ಬಿಡುತ್ತದೆ. ಸಾಮಾನ್ಯ ಕಿಟಕಿ, ಮುಚ್ಚಿದ್ದರೂ, ತಡೆಯುವುದು 20–25 ಡೆಸಿಬೆಲ್ ಮಾತ್ರ. ಟ್ರೇ ಅಂಟಿಸಿದ್ದು ಗೋಡೆಗೆ, ಸದ್ದು ಹೋಗುತ್ತಿದ್ದದ್ದು ಕಿಟಕಿ ಬಾಗಿಲುಗಳಿಂದ.

ಕಾನೂನಿನ ಮಾತೂ ಇದೆ. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಮಿತಿ ಹಗಲಿಗೆ 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ಅಜ್ಜಿ ಬೈದದ್ದರಲ್ಲಿ ತಪ್ಪೇನಿಲ್ಲ.

ಕೋಣೆಯೊಳಗೊಂದು ಕೋಣೆ

ನಾನು ಹೊಸದಾಗಿ ಮೇಷ್ಟ್ರಾಗಿದ್ದಾಗ ಶಾಲೆಯ ಮಕ್ಕಳನ್ನು ಒಂದು ಕಾರ್ಯಕ್ರಮಕ್ಕಾಗಿ ಆಕಾಶವಾಣಿ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದೆ. ಒಂದು ಭಾರವಾದ ಬಾಗಿಲು, ನಾಲ್ಕು ಹೆಜ್ಜೆಯ ಪುಟ್ಟ ಓಣಿ, ಮತ್ತೊಂದು ಭಾರವಾದ ಬಾಗಿಲು. ಎರಡನೆಯದು ಮುಚ್ಚಿದ ಕೂಡಲೇ ಗಲಾಟೆಯ ಮಕ್ಕಳೆಲ್ಲ ತಾವಾಗಿ ಪಿಸುಮಾತಿಗೆ ಇಳಿದರು. ತಮ್ಮ ಉಸಿರು ತಮಗೇ ಕೇಳಿಸುವಂಥ ಮೌನ. ಒಂದು ಬಾಗಿಲು ತೆರೆದಾಗ ಇನ್ನೊಂದು ಮುಚ್ಚಿರಲಿ ಎಂಬುದೇ ಆ ಓಣಿಯ ಉದ್ದೇಶ.

ವೃತ್ತಿಪರ ಸ್ಟುಡಿಯೋಗಳು ಇದೇ ತತ್ವವನ್ನು ಇಡೀ ಕೋಣೆಗೆ ಅನ್ವಯಿಸುತ್ತವೆ. ಹೊರಗೋಡೆಗೆ ತಾಗದಂತೆ ಒಳಗೆ ಮತ್ತೊಂದು ಗೋಡೆ, ನಡುವೆ ಗಾಳಿಯ ಜಾಗ, ಅದರಲ್ಲಿ ರಾಕ್‌ವುಲ್. ಒಳಗಿನ ನೆಲ ರಬ್ಬರಿನ ಅಥವಾ ಸ್ಪ್ರಿಂಗಿನ ಮೇಲೆ ಕೂತಿರುತ್ತದೆ. ಕಿಟಕಿಗೆ ಬೇರೆ ಬೇರೆ ದಪ್ಪದ ಎರಡು ಗಾಜು. ಒಳಕೋಣೆ ಹೊರಕೋಣೆಗೆ ಎಲ್ಲೂ ಗಟ್ಟಿಯಾಗಿ ತಾಗಬಾರದು. ಒಂದು ಮೊಳೆ, ಒಂದು ಪೈಪು ಎರಡನ್ನೂ ಬೆಸೆದರೆ ಕಂಪನ ಅದರ ಮೂಲಕವೇ ದಾಟುತ್ತದೆ. ಮೇಲಿನ ಮನೆಯಲ್ಲಿ ಮಿಕ್ಸಿ ಹಾಕಿದರೆ ಕೆಳಗಿನ ಮನೆಯ ಗೋಡೆ ಗುಂಯ್ ಎನ್ನುವುದು ಹೀಗೆಯೇ.

ಮನೆಯಲ್ಲಿ ಇದನ್ನು ಪರೀಕ್ಷಿಸಬಹುದು. ಮುಚ್ಚಳವಿರುವ ದೊಡ್ಡ ಸ್ಟೀಲ್ ಡಬ್ಬಿಯೊಳಗೆ ಟವೆಲ್ ಹಾಸಿ, ಅಲಾರಂ ಬಡಿಯುತ್ತಿರುವ ಮೊಬೈಲನ್ನಿಡಿ. ಮುಚ್ಚಳ ತೆಗೆದಿದ್ದರೆ ಬಟ್ಟೆ ಎಷ್ಟಿದ್ದರೂ ಸದ್ದು ಧಾರಾಳವಾಗಿ ಬರುತ್ತದೆ. ಮುಚ್ಚಳ ಬಿಗಿದರೆ ತಟ್ಟನೆ ಇಳಿಯುತ್ತದೆ. ಕಿರುಬೆರಳಿನಷ್ಟು ಸರಿಸಿದರೆ ಮತ್ತೆ ಏರುತ್ತದೆ. ಆಮೇಲೆ ಟವೆಲ್ ತೆಗೆದು, ಮೊಬೈಲನ್ನು ವೈಬ್ರೇಟ್ ಸ್ಥಿತಿಯಲ್ಲಿ ಡಬ್ಬಿಯ ತಳಕ್ಕೆ ತಾಗಿಸಿಟ್ಟು ಮುಚ್ಚಿ, ಡಬ್ಬಿಯನ್ನು ಬರಿಯ ಮೇಜಿನ ಮೇಲೂ ಮಡಿಸಿದ ಕಂಬಳಿಯ ಮೇಲೂ ಇಟ್ಟು ವ್ಯತ್ಯಾಸ ಕೇಳಿ. ಹೀರುವುದು, ತಡೆಯುವುದು, ಬೇರ್ಪಡಿಸುವುದು ಮೂರೂ ಹತ್ತು ನಿಮಿಷದಲ್ಲಿ ತಿಳಿಯುತ್ತವೆ.

ಆ ಕೋಣೆಯಲ್ಲಿ ಕಂಡದ್ದು

ಈಗ ಆಮೇಲೆ ಹೇಳುತ್ತೇನೆ ಎಂದಿದ್ದ ಮಾತು. ಹುಡುಗನ ಕೋಣೆಯಲ್ಲಿ ಸ್ಪಂಜು ಹೊಡೆದ ಗೋಡೆಯ ಬುಡದಲ್ಲಿ ಸರಸ್ವತಿಯ ಪಟವಿತ್ತು. ಅದರ ಮುಂದೆ ಎಣ್ಣೆಯ ದೀಪ, ಊದುಬತ್ತಿ. ಪಕ್ಕದಲ್ಲೇ ಒಂದಕ್ಕೊಂದು ಸಿಕ್ಕಿಸಿದ ಎರಡು ಎಕ್ಸ್‌ಟೆನ್ಶನ್ ಬೋರ್ಡು. ಸದ್ದು ಹೋಗದಿರಲೆಂದು ಕಿಟಕಿಗೂ ಟ್ರೇ ಬಡಿದು ಮುಚ್ಚಿದ್ದರು. ಹೊರಗೆ ಬರಲು ಬಾಗಿಲು ಒಂದೇ. ನೋಡಿ ನನ್ನ ಎದೆ ಧಸಕ್ಕೆಂದಿತು.

ಅಮೆರಿಕದ ರೋಡ್ ಐಲೆಂಡ್ ರಾಜ್ಯದ ವೆಸ್ಟ್ ವಾರ್ವಿಕ್ ಎಂಬಲ್ಲಿ ಸ್ಟೇಷನ್ ಎಂಬ ನೈಟ್‌ಕ್ಲಬ್ ಇತ್ತು. ಸಂಗೀತದ ಗದ್ದಲದ ಬಗ್ಗೆ ನೆರೆಯವರು ದೂರಿದ್ದರಿಂದ ವೇದಿಕೆಯ ಗೋಡೆಗಳಿಗೆ ಪಾಲಿಯುರೆಥೇನ್ ಫೋಮ್ ಅಂಟಿಸಿದ್ದರು. 2003ರ ಫೆಬ್ರವರಿ 20ರ ರಾತ್ರಿ ವೇದಿಕೆಯ ಮೇಲೆ ಹಚ್ಚಿದ ಬಾಣಬಿರುಸಿನ ಕಿಡಿ ಆ ಫೋಮಿಗೆ ತಾಗಿತು. ಕೆಲವೇ ನಿಮಿಷಗಳಲ್ಲಿ ಕಟ್ಟಡ ಹೊತ್ತಿ ಉರಿಯಿತು. ಸತ್ತವರು 100 ಜನ. ಹತ್ತು ವರ್ಷಗಳ ನಂತರ, 2013ರ ಜನವರಿ 27ರಂದು, ಬ್ರೆಜಿಲ್‌ನ ಸಾಂಟಾ ಮರಿಯಾ ನಗರದ ಕಿಸ್ ಎಂಬ ಕ್ಲಬ್ಬಿನಲ್ಲಿ ಇದೇ ಕಥೆ. ಛಾವಣಿಗೆ ಸದ್ದಿಗಾಗಿ ಹಾಕಿದ್ದ ಫೋಮ್, ಕಿಡಿ, ಹೊಗೆ. ಸತ್ತವರು 242. ಬಹುಪಾಲು ಎಳೆಯ ವಯಸ್ಸಿನವರು, ವಿದ್ಯಾರ್ಥಿಗಳು. ಪಾಲಿಯುರೆಥೇನ್ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ವಿಷಾನಿಲವೂ ಹೊರಬರುತ್ತದೆ. ಬೆಂಕಿ ತಲುಪುವ ಮೊದಲೇ ಹೊಗೆ ಕೊಲ್ಲುತ್ತದೆ.

ಇದರಲ್ಲಿ ಇನ್ನಷ್ಟು ಸಂಕಟದ ಸಂಗತಿ ಒಂದಿದೆ. ಸದ್ದು ನೆರೆಮನೆಗೆ ಹೋಗುವುದನ್ನು ಗೋಡೆಗಂಟಿಸಿದ ಹಗುರ ಫೋಮ್ ತಡೆಯಲಾರದು. ಯಾವ ಕೆಲಸಕ್ಕೆಂದು ಅದನ್ನು ತಂದರೋ ಆ ಕೆಲಸಕ್ಕೆ ಅದು ಬಾರದು. ಹೀರುವುದಕ್ಕೂ ತಡೆಯುವುದಕ್ಕೂ ಇರುವ ಭೇದ ತಿಳಿಯದೆ ಉರಿಯುವ ವಸ್ತುವನ್ನು ಗೋಡೆಗೆ ಬಳಿದಂತಾಯಿತು. ತಂದೆತಾಯಿಯರೇ, ನಿಮ್ಮ ಮಗನೋ ಮಗಳೋ ಕೋಣೆಗೆ ಸ್ಪಂಜು, ಥರ್ಮೋಕೋಲ್, ಮೊಟ್ಟೆ ಟ್ರೇ ಅಂಟಿಸುತ್ತಿದ್ದರೆ ದಯವಿಟ್ಟು ಒಮ್ಮೆ ಒಳಗೆ ಹೋಗಿ ನೋಡಿ. ಮಕ್ಕಳೇ, ಅದು ಉರಿಯುತ್ತದೋ ಇಲ್ಲವೋ ಎಂದು ಕಡ್ಡಿ ಗೀರಿ ಪರೀಕ್ಷಿಸಲು ಮಾತ್ರ ಹೋಗಬೇಡಿ.

ಅವತ್ತೇ ಸಂಜೆ ನಾವು ಮೂವರೂ ಸೇರಿ ಸ್ಪಂಜು, ಟ್ರೇಗಳನ್ನೆಲ್ಲ ಕಿತ್ತೆವು. ಕಿಟಕಿ ಮತ್ತೆ ತೆರೆಯುವಂತಾಯಿತು. ದೀಪ ಕೆಳಗಿನ ದೇವರ ಮನೆಗೆ ಹೋಯಿತು. ಕತ್ತಲಾದ ಮೇಲೆ ಒಳಗೆ ದೀಪ ಹಾಕಿ ಹೊರಗೆ ನಿಂತು ನೋಡಿದೆವು. ಬೆಳಕು ಇಣುಕಿದ ಸಂದುಗಳಿಗೆಲ್ಲ ರಬ್ಬರ್ ಪಟ್ಟಿ ಅಂಟಿಸುವುದು, ಬಾಗಿಲ ಕೆಳಗಿನ ಸಂದು ಮುಚ್ಚುವುದು ಎಂದಾಯಿತು. ಕಿಟಕಿಗೆ ಮುಂದೆ ಎಂದಾದರೂ ತೆರೆಯಬಹುದಾದ ಎರಡನೇ ಗಾಜು. ಗೋಡೆಗಂಟಿದಂತೆ ತುಂಬಿದ ಪುಸ್ತಕದ ಕಪಾಟು. ಹಾಡುವವಳ ಹಿಂದೆ ಗೋಡೆಯಿಂದ ಒಂದು ಗೇಣು ಈಚೆಗೆ ಮನೆಯಲ್ಲಿದ್ದ ಕೌದಿ, ಕಂಬಳಿಗಳ ದಪ್ಪ ಪರದೆ. ಅವೂ ಉರಿಯುವ ವಸ್ತುಗಳೇ, ಆದ್ದರಿಂದ ವೈರು, ಬೋರ್ಡುಗಳಿಂದ ದೂರ. ತಬಲಾದ ಕೆಳಗೆ ದಪ್ಪ ರಬ್ಬರ್ ಚಾಪೆ. ಮೈಕು ಹಾಡುವವಳ ಬಾಯಿಗೆ ಒಂದು ಗೇಣು ದೂರದಲ್ಲಿ. ಮೈಕು ಹತ್ತಿರವಾದಷ್ಟೂ ಹಾಡು ಜೋರಾಗುತ್ತದೆ, ಬೀದಿಯ ಸದ್ದು ಇದ್ದಷ್ಟೇ ಇರುತ್ತದೆ. ಫೋಮಿಗೆಂದು ಇಟ್ಟಿದ್ದ ಹದಿನೈದು ಸಾವಿರದಲ್ಲಿ ಎರಡು ಸಾವಿರವೂ ಖರ್ಚಾಗಲಿಲ್ಲ.

ಮೊನ್ನೆ ಹುಡುಗ ಫೋನ್ ಮಾಡಿದ್ದ. ತಂಗಿಯ ಹಾಡು ಚೆನ್ನಾಗಿ ಬಂದಿದೆಯಂತೆ. ಸೇಬಿನ್ ಅವರಂತೆ, ಬೀದಿ ಮಲಗಿದ ಮೇಲೆ ಮುದ್ರಿಸಿದರಂತೆ. ಡಗ್ಗಾದ ಸದ್ದು ಮಾತ್ರ ಅಜ್ಜಿಗೆ ಈಗಲೂ ಕೇಳುತ್ತದಂತೆ. ಅಷ್ಟು ಗಂಭೀರ ನಾದವನ್ನು ತಡೆಯಲು ಕೋಣೆಯೊಳಗೊಂದು ಕೋಣೆಯನ್ನೇ ಕಟ್ಟಬೇಕು, ಅದು ಅವರಿಗೆ ನಿಲುಕದ್ದು. ಆದ್ದರಿಂದ ಅವನು ಅಜ್ಜಿಯ ಮನೆಗೇ ಹೋಗಿ, ಅವರು ಮಧ್ಯಾಹ್ನ ಎಷ್ಟು ಹೊತ್ತಿಗೆ ಮಲಗುತ್ತಾರೆ, ಎಷ್ಟು ಹೊತ್ತಿಗೆ ದೇವಸ್ಥಾನಕ್ಕೆ ಹೋಗುತ್ತಾರೆ ಎಂದು ಕೇಳಿಕೊಂಡು ಬಂದಿದ್ದಾನೆ. ಸಂಜೆ ಆರರಿಂದ ಏಳೂವರೆಯವರೆಗೆ ತಬಲಾ ಎಂದು ಒಪ್ಪಂದವಾಗಿದೆ.